ರಕ್ತದ ಹರಿವೂ ನಾಳದ ಗುಣವೂ

ಕಬಿನಿ ನಾಲೆಯ ನೀರು ಕಟ್ಟುವ ಸದಸ್ಯ ಬಾಂಧವರಿಗೆ ಗೊತ್ತಿರುವಂತೆ, ಹೂಳು ನಿಲ್ಲುವುದು ನೀರು ಸುತ್ತಿ ಹಿಂದಕ್ಕೆ ಸರಿಯುವ ತಿರುವು, ಕವಲುಗಳಲ್ಲಿ. ಶುದ್ಧರಕ್ತನಾಳಗಳಲ್ಲಿಯೂ ಕೊಬ್ಬು ಮೊದಲು ಕೂಡುವುದು ಇಂಥ ಕಡೆಯೇ. ಹೋಲಿಕೆ ಇಲ್ಲಿಗೆ ಸಾಕು. ಕಾಲುವೆಯ ಗೋಡೆ ಜಡ, ನಾಳದ ಗೋಡೆ ಜೀವಂತ. ರಕ್ತ ಒಂದೇ ದಿಕ್ಕಿಗೆ ಚುರುಕಾಗಿ ಸವರಿಕೊಂಡು ಹೋದರೆ ಒಳಪದರದ ಜೀವಕೋಶಗಳು ಅದನ್ನರಿತು ನೈಟ್ರಿಕ್ ಆಕ್ಸೈಡ್ ಅನಿಲವನ್ನು ಬಿಡುತ್ತವೆ, ನಾಳ ಹಿಗ್ಗುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ರಕ್ತ ಹಿಂದುಮುಂದಾದರೆ? 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಗಂಡಸರ ಮುಂಗೈಗೆ ಬಿ.ಪಿ. ನೋಡುವಂಥ ಪಟ್ಟಿ ಬಿಗಿದು, ಅರ್ಧ ಗಂಟೆ ರಕ್ತ ಹಿಮ್ಮೊಗವಾಗುವಂತೆ ಮಾಡಿದರು. ಬಿಗಿ ಹೆಚ್ಚಿದಷ್ಟೂ ತೋಳಿನ ನಾಳದ ಹಿಗ್ಗುವ ಶಕ್ತಿ ಕುಗ್ಗಿತು. ಇನ್ನೊಂದು ತೋಳಿಗೆ ಏನೂ ಆಗಲಿಲ್ಲ.

ನಮಗೆ ಹೆಚ್ಚು ಸಂಬಂಧಿಸಿದ್ದು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ 2016ರ ಪ್ರಯೋಗ. ಆರೋಗ್ಯವಂತ ಯುವಜನರನ್ನು 3 ಗಂಟೆ ಕೂರಿಸಿ, ಒಂದು ಕಾಲನ್ನು ಮಾತ್ರ 1 ನಿಮಿಷ ಅಲುಗಿಸಿ 4 ನಿಮಿಷ ಬಿಡುವಂತೆ ಹೇಳಿದರು. ಅಲುಗದ ಕಾಲಿನ ಮಂಡಿಯ ಹಿಂದಿನ ನಾಳ ಸೊರಗಿತು; ಅಲುಗಿದ ಕಾಲಿನದು ಮೊದಲಿಗಿಂತ ಸುಧಾರಿಸಿತು. (ಕಾಲು ಅಲ್ಲಾಡಿಸಿದರೆ ದರಿದ್ರವೆಂದು ಮಕ್ಕಳನ್ನು ಗದರುವ ಹಿರಿಯರು ಗಮನಿಸಬೇಕು!)

ಅಡಿಕೆ ಸುಲಿಯುವ, ಕಾಫಿ ಬೀಜ ಆರಿಸುವ ಹೆಣ್ಣಾಳುಗಳು ಗಂಟೆಗಟ್ಟಲೆ ಕಾಲು ಮಡಿಸಿ ಕುಳಿತಿರುತ್ತಾರೆ. ನಡುನಡುವೆ ಹತ್ತು ನಿಮಿಷ ಎದ್ದು ಓಡಾಡಲು ಬಿಡಿ, ಕೂಲಿ ಹಿಡಿಯಬೇಡಿ. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವಿದ್ದರೆ ಅದು ಬೇರೆ ಮಾತು. ಅಂಥವರು ತಡಮಾಡದೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು.