ಸೈಕಲ್ ಕೊಂಡೆಯಲ್ಲ, ಇನ್ನು ಬಿಚ್ಚುವುದನ್ನೂ ಕಲಿ

ಮಗೂ, ಸ್ಕೂಟರಿಗೆ ಸಾಲ ಮಾಡದೆ ಮೊದಲ ಸಂಬಳದಲ್ಲಿ ಸೈಕಲ್ ಕೊಂಡೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ಆತಂಕ, ನನಗೆ ಹಿಡಿಸಲಾರದಷ್ಟು ಸಂತೋಷ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗಿ ಬಂದವಳು ನೀನು. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ನಿನ್ನಂಥ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಬಸ್ಸು ಕಾಯುವ ಕಷ್ಟ ತಪ್ಪಿತು. ಹಾಗಾಗಿ ತುಳಿಯುವುದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ನಿನ್ನ ಸೈಕಲ್ಲನ್ನು ನೀನೇ ಬಿಚ್ಚಿ, ಒರೆಸಿ, ಜೋಡಿಸುವುದನ್ನು ಕಲಿತುಕೋ. ತುಳಿಯುವ ಸುಖ ಪೂರ್ತಿಯಾಗಿ ಕೈಗೆ ಸಿಗುವುದು ಆಗಲೇ.

ಮೊದಲು ಊರಿನ ವಿಷಯ. ಮೈಸೂರಿನಲ್ಲಿ ಸೈಕಲ್ ತುಳಿಯದವರು ಮೈಸೂರನ್ನು ಪೂರ್ತಿ ನೋಡಿಲ್ಲ ಅಂತಲೇ ನನ್ನ ಅಭಿಪ್ರಾಯ. ಅರಮನೆಯಿಂದ ಮಾನಸಗಂಗೋತ್ರಿಗೆ ಹೆಚ್ಚೆಂದರೆ ನಾಲ್ಕೈದು ಕಿಲೋಮೀಟರ್. ಸಿಗ್ನಲ್ಲುಗಳಲ್ಲಿ ನಿಂತು ಹೊಗೆ ಕುಡಿಯುವ ಸ್ಕೂಟರಿನವರಿಗಿಂತ ನೀನು ಬಹಳ ಹಿಂದೇನೂ ಬೀಳುವುದಿಲ್ಲ. 1903ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಕೆಲವು ಒತ್ತುವರಿಯಾಗಿವೆ, ಕೆಲವು ಕಸಕ್ಕೆ ಬಲಿಯಾಗಿವೆ. ಉಳಿದವುಗಳಲ್ಲಿ ನುಗ್ಗಿ ನೋಡು: ಹಿತ್ತಲಿನ ಕರಿಬೇವಿನ ಗಿಡ, ಯಾರದೋ ಒಗ್ಗರಣೆಯ ಘಮ, ಕಾಂಪೌಂಡಿನ ಮೇಲೆ ಮಲಗಿದ ಬೆಕ್ಕು. ದೊಡ್ಡ ರಸ್ತೆಯಲ್ಲಿ ಕಾಣದ ಊರು ಅದು. ದೇವರಾಜ ಮಾರುಕಟ್ಟೆಯ ಕಡೆ ಸಂಜೆ ಹೋದರೆ ಮೊಗ್ಗಿನ ವಾಸನೆ ಮೊದಲು ಬರುತ್ತದೆ, ಹೂವಿನ ಅಂಗಡಿ ಆಮೇಲೆ ಕಾಣುತ್ತದೆ. ಬೇಕೆನಿಸಿದಲ್ಲಿ ಒಂದು ಕಾಲು ಊರಿ ನಿಂತುಬಿಡಬಹುದು. ಪಾರ್ಕಿಂಗ್ ಹುಡುಕುವ ತಾಪತ್ರಯವೇ ಇಲ್ಲ.

ಇನ್ನೊಂದು ವಿಷಯ ನಿನ್ನ ತೊಡೆಗಳೇ ನಿನಗೆ ಹೇಳುತ್ತವೆ. ಈ ಊರು ಕೂತಿರುವುದು ಕಾವೇರಿ ಮತ್ತು ಕಬಿನಿಯ ಜಲಾನಯನಗಳ ನಡುವಿನ ಏರಿನ ಮೇಲೆ. ಉತ್ತರಕ್ಕೆ ಹರಿದ ಮಳೆನೀರು ಕಾವೇರಿಗೆ, ದಕ್ಷಿಣಕ್ಕೆ ಹರಿದದ್ದು ಕಬಿನಿಗೆ. ಸ್ಕೂಟರಿನವರಿಗೆ ಚಪ್ಪಟೆಯಾಗಿ ಕಾಣುವ ರಸ್ತೆ ನಿನಗೆ ಏರೋ ಇಳಿಜಾರೋ ಅನ್ನುವುದು ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಬೆವರದೆ ಆಫೀಸು ಸೇರುವ ದಾರಿ, ಸಂಜೆ ಪೆಡಲ್ ನಿಲ್ಲಿಸಿ ಜಾರಿಕೊಂಡು ಬರುವ ದಾರಿ ಎರಡನ್ನೂ ನೀನೇ ಕಂಡುಕೊಳ್ಳುತ್ತೀಯ.

ಸ್ವಂತ ಸೈಕಲ್ ಏಕೆ, 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಇದೆಯಲ್ಲ ಅಂತ ನಿನ್ನ ಗೆಳತಿಯರು ಕೇಳಬಹುದು. ಅದು ಒಳ್ಳೆಯ ಯೋಜನೆಯೇ. ಆದರೆ ಅದಕ್ಕೆ ಸ್ಪ್ಯಾನರ್ ಹಾಕುವ ಹಕ್ಕು ನಮಗಿಲ್ಲ. ನನ್ನ ಮಾತೆಲ್ಲ ಇರುವುದು ಆ ಹಕ್ಕಿನ ಬಗ್ಗೆ.

ಸೈಕಲ್ಲಿನಲ್ಲಿ ಮುಚ್ಚಿಟ್ಟದ್ದು ಬಹಳ ಕಡಿಮೆ. ನಿನ್ನ ಫೋನು ಕೆಟ್ಟರೆ ಒಳಗೆ ಏನಾಯಿತೆಂದು ಯಾರೂ ನಿನಗೆ ತೋರಿಸಲಾರರು. ಇಲ್ಲಿ ಹಾಗಲ್ಲ, ಕಾಲಿನ ಬಲ ಪೆಡಲಿನಿಂದ ಚೈನಿಗೆ, ಚೈನಿನಿಂದ ಫ್ರೀವೀಲಿಗೆ, ಅಲ್ಲಿಂದ ಚಕ್ರಕ್ಕೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಹಲ್ಲು ಎಣಿಸಿ ನೋಡು. ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನದಕ್ಕೆ 18 ಹಲ್ಲಿದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ಬಂದಿರುತ್ತದೆ. ಏರಿನಲ್ಲಿ ಏಕೆ ಏದುಸಿರು ಬರುತ್ತದೆ, ಸಮತಟ್ಟಿನಲ್ಲಿ ಏಕೆ ಹಾಯಾಗಿರುತ್ತದೆ ಅನ್ನುವುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ.

ಕೈಗಿಂತ ಮೊದಲು ಕಿವಿಯನ್ನು ಪಳಗಿಸು. ಕಟಕಟ ಸದ್ದು ಬಂದರೆ ಗಾಬರಿಯಾಗಬೇಡ, ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಹಾಗೇ ಜಾರಲು ಬಿಡು. ಸದ್ದು ನಿಂತಿತೋ, ದೋಷ ಪೆಡಲ್, ಕ್ರ್ಯಾಂಕ್, ಚೈನಿನ ಕಡೆ. ಮುಂದುವರಿಯಿತೋ, ಚಕ್ರದ ಕಡೆ: ಸಡಿಲವಾದ ಕಡ್ಡಿ, ಉಜ್ಜುವ ಬ್ರೇಕ್ ಶೂ ಅಥವಾ ಮಡ್‌ಗಾರ್ಡು. ಪೆಡಲಿನ ಒಂದೊಂದು ಸುತ್ತಿಗೂ ಒಂದೇ ಸಲ ಟಕ್ ಅಂದರೆ ಪೆಡಲ್ಲನ್ನೇ ಮೊದಲು ಅನುಮಾನಿಸು, ಬಿಗಿ ಮಾಡಿ ನೋಡು. ಆಗ ಒಂದು ಸಂಗತಿ ನೆನಪಿರಲಿ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ, ಅದನ್ನು ಬಿಚ್ಚಬೇಕಾದರೆ ಎಲ್ಲ ತಿರುಪುಗಳಿಗೂ ವಿರುದ್ಧವಾಗಿ ತಿರುಗಿಸಬೇಕು. ತುಳಿಯುತ್ತಾ ತುಳಿಯುತ್ತಾ ಅದು ತಾನಾಗಿಯೇ ಕಳಚಿಕೊಳ್ಳದಿರಲಿ ಅಂತ ಮಾಡಿದ ಉಪಾಯ ಅದು. ಇದು ಗೊತ್ತಿಲ್ಲದೆ ಬಲ ಹಾಕಿ ಮರೆ ಕೆಡಿಸಿದವರು ಬೇಕಾದಷ್ಟು ಜನ.

ಪಂಚರ್ ಹಾಕುವುದನ್ನು ಕಲಿಯಲೇಬೇಕು. ಅದರಲ್ಲಿ ಇರುವ ಆನಂದ ಹಾಕಿದವರಿಗೇ ಗೊತ್ತು. ಆದರೆ ಟ್ಯೂಬ್ ಎಳೆಯುವ ಮುಂಚೆ ವಾಲ್ ನೋಡು. ನಮ್ಮ ಮಾಮೂಲಿ ಸೈಕಲ್ಲಿನ ವಾಲ್‌ನಲ್ಲಿ ಸಣ್ಣ ರಬ್ಬರ್ ಕೊಳವೆ ಇರುತ್ತದೆ, ಅದು ಹಳತಾದರೆ ಗಾಳಿ ಮೆಲ್ಲಗೆ ಇಳಿಯುತ್ತದೆ. ಒಂದು ಹನಿ ಎಂಜಲು ಹಚ್ಚು, ಗುಳ್ಳೆ ಎದ್ದರೆ ಕಾಯಿಲೆ ಅಲ್ಲೇ. ಗುಳ್ಳೆ ಏಳದಿದ್ದರೆ ಟ್ಯೂಬ್ ಹೊರಗೆ ತೆಗೆದು, ಗಾಳಿ ತುಂಬಿ, ಬಚ್ಚಲಿನ ಬೇಸಿನ್ನಿನಲ್ಲಿ ಮುಳುಗಿಸಿ ನೋಡು. ತೂತು ಸಿಕ್ಕಿದ ಮೇಲೆ ಸುತ್ತಲೂ ಒರೆಸಿ ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸಲೂಷನ್ ತೆಳ್ಳಗೆ ಬಳಿ. ಎಲ್ಲರೂ ಆತುರಪಡುವುದು ಇಲ್ಲೇ. ಸಲೂಷನ್ ಬೆರಳಿಗೆ ಅಂಟದಷ್ಟು ಆರುವ ತನಕ ಕಾಯಬೇಕು, ಆಮೇಲೆ ಪ್ಯಾಚ್ ಇಟ್ಟು ಒತ್ತಬೇಕು. ಹಸಿ ಸಲೂಷನ್ ಮೇಲೆ ಅಂಟಿಸಿದ ಪ್ಯಾಚ್ ಹೆಚ್ಚು ದಿನ ನಿಲ್ಲುವುದಿಲ್ಲ. ಟೈರಿನ ಒಳಗೆ ಹಳೆ ಬಟ್ಟೆಯ ಚೂರಿನಿಂದ ಒಮ್ಮೆ ಸವರಿ, ಸಿಕ್ಕಿಕೊಂಡ ಜಾಲಿ ಮುಳ್ಳನ್ನೋ ಗಾಜನ್ನೋ ತೆಗೆದ ಮೇಲೆಯೇ ಟ್ಯೂಬ್ ಸೇರಿಸು.

ಚೈನಿಗೆ ಎಣ್ಣೆ ಬಿಡುವ ಮೊದಲು ಬಟ್ಟೆಯಲ್ಲಿ ಹಿಡಿದು ಪೆಡಲ್ಲನ್ನು ಹಿಂದಕ್ಕೆ ತಿರುಗಿಸುತ್ತಾ ಕೊಳೆ ತೆಗೆ. ಕೊಳೆಯ ಮೇಲೆ ಬಿಟ್ಟ ಎಣ್ಣೆ ಮರಳನ್ನು ಒಳಗೆ ಎಳೆದುಕೊಂಡು ಚೈನನ್ನೇ ಅರೆಯುತ್ತದೆ. ಒಂದೊಂದು ಕೊಂಡಿಗೆ ಒಂದೊಂದು ಹನಿ ಸಾಕು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿಬಿಡು. ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರಿನ ಮೈಸೂರು ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಚೈನಿನಲ್ಲಿ ಹೇಗೆ ಹರಿದೀತು? ಚೈನ್ ಸವೆದಿದೆಯೋ ಇಲ್ಲವೋ ಅನ್ನುವುದಕ್ಕೆ ಶಾಲೆಯ ಒಂದು ಅಡಿ ಸ್ಕೇಲ್ ಸಾಕು. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಅದು 12 ಇಂಚು ದಾಟಿ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ ಚೈನ್ ಬದಲಿಸು. ಅಸಡ್ಡೆ ಮಾಡಿದರೆ ಸವೆದ ಚೈನ್ ಫ್ರೀವೀಲಿನ ಹಲ್ಲನ್ನೂ ತಿನ್ನುತ್ತದೆ, ಖರ್ಚು ಎರಡಾಗುತ್ತದೆ.

ನಮ್ಮ ಊರಿಗೆ ಆಯುಧಪೂಜೆ ಇದೆಯಲ್ಲ, ಅದನ್ನೇ ವರ್ಷದ ಓವರಾಲಿಂಗ್ ದಿನ ಮಾಡಿಕೋ. ಮಳೆಗಾಲ ಮುಗಿದು, ಚಕ್ರದ ನಡುವಿನ ಹಬ್ಬಿನ ಒಳಗೆ ನೀರು ಮಣ್ಣು ಸೇರಿರುವ ಕಾಲವೇ ಅದು. ಹೆಚ್ಚು ಜನ ಪೈಪ್ ಹಿಡಿದು ನೀರು ಹೊಡೆದು ಕುಂಕುಮ ಇಟ್ಟು ಮುಗಿಸುತ್ತಾರೆ, ಒಳಗೆ ಇನ್ನಷ್ಟು ನೀರು ಸೇರುತ್ತದೆ. ನೀನು ಹಳೆ ಪೇಪರ್ ಹಾಸಿ, ಚಕ್ರ ಬಿಚ್ಚಿ, ಕೋನ್ ಸಡಿಲಿಸಿ ಬಾಲ್ಸ್ ಹೊರಗೆ ತೆಗೆ. ಬಿಡಿ ಬಾಲ್ಸ್ ಇರುವ ಹಬ್ಬಾದರೆ ಸಾಮಾನ್ಯವಾಗಿ ಮುಂದೆ ಒಂದೊಂದು ಬದಿಗೆ 10, ಹಿಂದೆ 9 ಇರುತ್ತವೆ. ಎಣಿಸಿ ಬಟ್ಟಲಿನಲ್ಲಿಡು, ಒಂದು ಉರುಳಿಹೋದರೆ ಮಂಚದ ಕೆಳಗೆ ತೆವಳಬೇಕಾಗುತ್ತದೆ. ಕಪ್ಪಾದ ಗ್ರೀಸ್ ಒರೆಸಿ ಹೊಸದು ತುಂಬಿ ಕೋನ್ ಬಿಗಿ ಮಾಡು. ತೀರಾ ಬಿಗಿಯಾದರೆ ಚಕ್ರ ತಡವರಿಸುತ್ತದೆ, ಸಡಿಲವಾದರೆ ಅಲುಗಾಡುತ್ತದೆ. ನಡುವಿನ ಆ ಹದ ಬೆರಳಿಗೆ ಸಿಕ್ಕ ಕ್ಷಣ ಚಕ್ರ ಸದ್ದಿಲ್ಲದೆ ತಿರುಗುತ್ತಾ, ವಾಲ್ ಇರುವ ಭಾರದ ಕಡೆ ಕೆಳಗೆ ಬಂದು, ಅತ್ತಿತ್ತ ತೂಗಿ ನಿಲ್ಲುತ್ತದೆ. ಅದನ್ನು ನೋಡುತ್ತಾ ಕೂರುವುದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಎಲ್ಲವನ್ನೂ ನೀನೇ ಮಾಡಬೇಕೆಂಬ ಹಟ ಬೇಡ. ಚಕ್ರದ ಬೆಂಡ್ ತೆಗೆಯುವುದು ಕೈ ಪಳಗಿದವರ ಕೆಲಸ. ಹಳೆಯ ಕಪ್ಪು ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದವು, ಹಿಂದೆ ಭಾರ ಹೆಚ್ಚಾದ್ದರಿಂದ. ಒಂದು ಕಡ್ಡಿ ಬಿಗಿದರೆ ಪಕ್ಕದ್ದರ ಎಳೆತವೂ ಬದಲಾಗುತ್ತದೆ. ಮರದ ಕೆಳಗೆ ಕೂತು ಬೆಂಡ್ ತೆಗೆಯುವ ಸೈಕಲ್ ಶಾಪಿನವರ ಹತ್ತಿರ ನಿಂತು ನೋಡು. ಅವರು ಕೇಳಿದಷ್ಟು ಕೊಡು, ಚೌಕಾಸಿ ಮಾಡಬೇಡ. ದಿನಕ್ಕೆ ಹತ್ತಾರು ಜನರನ್ನು ದಾರಿಗೆ ಹಚ್ಚುವ ಕಸಬು ಅದು, ಈಗೀಗ ಬಡಾವಣೆಗೊಬ್ಬರು ಸಿಗುವುದೂ ಕಷ್ಟವಾಗಿದೆ.

ನಿಮ್ಮಮ್ಮನ ಆತಂಕಕ್ಕೂ ಉತ್ತರ ಹೇಳಬೇಕಲ್ಲ. ಹೆಲ್ಮೆಟ್ ಹಾಕು. ಕಿವಿಗೆ ಇಯರ್‌ಫೋನ್ ಬೇಡ. ನಿಂತ ಕಾರಿನಿಂದ ಬಾಗಿಲು ತೆರೆಯುವಷ್ಟು ದೂರ ಬಿಟ್ಟು ಹೋಗು. ಸ್ಟಾಪಿಗೆ ಬರುತ್ತಿರುವ ಬಸ್ಸಿನ ಎಡಕ್ಕೆ ಎಂದೂ ನುಗ್ಗಬೇಡ. ವೇಲನ್ನು ಹಿಂದೆ ಗಂಟು ಹಾಕಿಕೋ, ಚೈನ್ ಕವರ್ ಇಲ್ಲದಿದ್ದರೆ ಇವತ್ತೇ ಹಾಕಿಸು. ಮಳೆಯಲ್ಲಿ ನೆನೆದ ರಿಮ್ಮು ಬ್ರೇಕ್ ಒತ್ತಿದ ತಕ್ಷಣ ಹಿಡಿಯುವುದಿಲ್ಲ, ಮುಂಚೆಯೇ ಒತ್ತಲು ಶುರುಮಾಡು. ಸೀಟು ಎಷ್ಟು ಎತ್ತರ ಇರಬೇಕು ಅಂದರೆ, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ತಗ್ಗಿನ ಸೀಟಿನಲ್ಲಿ ತುಳಿದು ಮಂಡಿ ನೋವು ತರಿಸಿಕೊಂಡು, ಸೈಕಲ್ಲೇ ಸರಿಯಿಲ್ಲ ಅನ್ನುವವರು ಹೆಚ್ಚು.

ಈ ಭಾನುವಾರ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಮನೆಗೆ ಬಾ, ಹಳೆ ಚೂಡಿದಾರ ಹಾಕಿಕೊಂಡು ಬಾ. ತಿಂಡಿಗೆ ನಿಮ್ಮತ್ತೆ ಅಕ್ಕಿರೊಟ್ಟಿ ಮಾಡುತ್ತಾಳೆ. ಹಿಂದಿನ ಚಕ್ರದ ನಟ್ಟಿಗೆ ಬೇಕಾದ 15ರ ಸ್ಪ್ಯಾನರ್ ನನ್ನ ಹತ್ತಿರ ಇದೆ. ಬಿಚ್ಚುವವಳು ನೀನೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ.