ಚಕ್ರ ಎತ್ತಿದ ಮಾತ್ರಕ್ಕೆ ಸ್ಪ್ರಿಂಗು ಸಡಿಲವಾಗದು

ತಮ್ಮಾ, ಹಳೆಯ ಷೆವ್ರೊಲೆ ಸಿ-10 ಪಿಕಪ್ ಕೊಂಡು, ಅದರ ಮುಂಭಾಗವನ್ನೆಲ್ಲ ಬಿಚ್ಚಿ ಗ್ಯಾರೇಜಿನ ತುಂಬ ಹರಡಿಕೊಂಡಿದ್ದೀಯ ಎಂದು ನಿಮ್ಮಮ್ಮ ಹೇಳಿದಾಗ ನನಗೆ ಖುಷಿಯಾಯಿತು. 1967ರಿಂದ 1972ರವರೆಗೆ ಬಂದ ಆ ತಲೆಮಾರಿನ ಗಾಡಿ, ಕೈ ಕೊಳೆ ಮಾಡಿಕೊಂಡು ಕೆಲಸ ಕಲಿಯುವವನಿಗೆ ತಕ್ಕದ್ದು. ಬಾನೆಟ್ ಎತ್ತಿದರೆ ಕೈಯಾಡಿಸಲು ಬೇಕಾದಷ್ಟು ಜಾಗ, ಯಾವ ಬೋಲ್ಟು ಯಾವುದನ್ನು ಹಿಡಿದಿದೆ ಎಂದು ಕಣ್ಣಿಗೇ ಕಾಣುತ್ತದೆ, ಬಿಡಿಭಾಗಗಳು ನೀನಿರುವ ಅಮೆರಿಕದಲ್ಲಿ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಬುಷ್ಷು, ಬಾಲ್ ಜಾಯಿಂಟು, ಬ್ರೇಕಿನ ವಿಷಯ ನಾನು ಹೇಳಬೇಕಾಗಿಲ್ಲ. ಪುಸ್ತಕ ಮುಂದಿಟ್ಟುಕೊಂಡು ಮಾಡಬಲ್ಲೆ. ಮುಂದಿನ ಎರಡು ಕಾಯಿಲ್ ಸ್ಪ್ರಿಂಗ್ ಕೂರಿಸುವ ಕೆಲಸವೊಂದೇ ಬೇರೆ. ಅದರ ಬಗ್ಗೆ ನಿನ್ನನ್ನು ಕೂರಿಸಿಕೊಂಡು ಹೇಳಬೇಕು ಅನ್ನಿಸಿದೆ.

ನೀನು ಬೆಳೆದದ್ದು ಲಾರಿಗಳ ನಡುವೆ. ನಮ್ಮ ಕಡೆಯ ಲಾರಿಗೆ ಹಿಂದೆ ಇರುವಂತೆ ಮುಂದೆಯೂ ಪಟ್ಟಿಗಳ ಕಟ್ಟು. ಚಾಸಿಸ್ಸಿಗೆ ಜಾಕಿ ಕೊಟ್ಟು ಎತ್ತಿದರೆ ಆಕ್ಸಲ್ಲು ಜೋತು ಬೀಳುತ್ತದೆ, ಪಟ್ಟಿ ಬಹುಮಟ್ಟಿಗೆ ಬಿಗಿ ಕಳೆದುಕೊಳ್ಳುತ್ತದೆ. ಅದನ್ನೇ ನೋಡಿ ಬೆಳೆದವನಿಗೆ, ಚಕ್ರ ನೆಲ ಬಿಟ್ಟಿತೆಂದರೆ ಸ್ಪ್ರಿಂಗಿನ ಶಕ್ತಿ ಇಳಿಯಿತು ಎಂಬ ನಂಬಿಕೆ ಕೈಯೊಳಗೇ ಕೂತಿರುತ್ತದೆ. ಸಿ-10ನ ಮುಂಭಾಗದಲ್ಲಿ ಆ ನಂಬಿಕೆಯೇ ಅಪಾಯ. ಷೆವ್ರೊಲೆಯವರು 1960ರಲ್ಲಿ ಪಿಕಪ್ಪಿನ ಮುಂದಿನ ಚಕ್ರಗಳನ್ನು ಒಂದಕ್ಕೊಂದು ಅಂಟದಂತೆ ಬಿಡಿಸಿ, ತಿರುಚುವ ಸರಳು ಹಾಕಿದರು. 1963ಕ್ಕೆ ಅದನ್ನು ಬಿಟ್ಟು ಕಾಯಿಲ್ ಸ್ಪ್ರಿಂಗಿಗೆ ಬಂದರು. ಮೇಲೊಂದು, ಕೆಳಗೊಂದು ಕಂಟ್ರೋಲ್ ಆರ್ಮ್. ಕೆಳಗಿನ ಆರ್ಮಿನ ಬಟ್ಟಲಿಗೂ ಮೇಲಿನ ಕ್ರಾಸ್ ಮೆಂಬರಿನ ಗೂಡಿಗೂ ನಡುವೆ ಸ್ಪ್ರಿಂಗು. ಗಾಡಿಯನ್ನು ಎಷ್ಟೇ ಎತ್ತು, ಆರ್ಮು ಒಂದು ಮಿತಿವರೆಗೆ ಇಳಿದು ನಿಂತುಬಿಡುತ್ತದೆ. ಸ್ಪ್ರಿಂಗಿನ ಸಹಜ ಉದ್ದ ಆ ಜಾಗಕ್ಕಿಂತ ಹೆಚ್ಚು. ಹಾಗಿರುವುದರಿಂದಲೇ ಅದು ಗುಂಡಿಯಲ್ಲಿ ಗಾಡಿ ಹಾರಿದಾಗಲೂ ಗೂಡು ಬಿಟ್ಟು ಆಚೆ ಬೀಳುವುದಿಲ್ಲ. ಅಂದರೆ ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೂ ಸ್ಪ್ರಿಂಗು ಅದುಮಿಸಿಕೊಂಡೇ ಕೂತಿರುತ್ತದೆ, ಅದನ್ನು ತಡೆದು ನಿಲ್ಲಿಸಿರುವುದು ಬಾಲ್ ಜಾಯಿಂಟಿನ ಒಂದು ನಟ್ಟು.

ಆ ಶಕ್ತಿ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡು, ನೀನು ಎಂಜಿನಿಯರಿಂಗ್ ಓದಿದವನು. ಒಂದು ಮಿಲಿಮೀಟರ್ ಅದುಮಲು 100 ನ್ಯೂಟನ್ ಬೇಕಾಗುವ ಸ್ಪ್ರಿಂಗು ಅಂದುಕೊ. ಅದನ್ನು 150 ಮಿಲಿಮೀಟರ್ ಅದುಮಿದರೆ 15,000 ನ್ಯೂಟನ್, ಸುಮಾರು ಒಂದೂವರೆ ಟನ್ನಿನ ಒತ್ತಡ. ಒಳಗೆ ಕೂಡಿಟ್ಟ ಶಕ್ತಿ 1,125 ಜೂಲ್. 50 ಕಿಲೋ ಸಿಮೆಂಟ್ ಚೀಲವೊಂದನ್ನು ಆಳೆತ್ತರಕ್ಕಿಂತ ಮೇಲಿನಿಂದ, ಎರಡೂಕಾಲು ಮೀಟರಿನಿಂದ, ಬೀಳಿಸಿದಷ್ಟು. ಚೀಲವಾದರೆ ಬೀಳುವುದು ಕಾಣುತ್ತದೆ, ಸರಿದುಕೊಳ್ಳಬಹುದು. ಸ್ಪ್ರಿಂಗು ಬಿಟ್ಟುಕೊಳ್ಳುವುದು ಕಣ್ಣು ಮಿಟುಕಿಸುವುದರೊಳಗೆ. ಕೈಯಲ್ಲಿ ಒತ್ತಿ ಹಿಡಿಯುತ್ತೇನೆ, ಹಾರೆಯಲ್ಲಿ ಮೀಟಿ ತಡೆಯುತ್ತೇನೆ ಎನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಇನ್ನು ಒಂದು ಪ್ರಶ್ನೆ ಕೇಳುತ್ತೇನೆ, ಸರಿಯಾಗಿ ನೋಡಿ ಹೇಳು. ಎಂಜಿನ್ ಗಾಡಿಯಲ್ಲಿ ಇದೆಯೋ, ಇಳಿಸಿದ್ದೀಯೋ? ಇಳಿಸಿದ್ದರೆ ಸ್ಪ್ರಿಂಗ್ ಕೂರಿಸುವ ಮಾತು ಈಗ ಬೇಡ. ನೀನು ಕೆಳಗಿನ ಆರ್ಮಿಗೆ ಜಾಕಿ ಕೊಟ್ಟು ಎತ್ತುವಾಗ ಸ್ಪ್ರಿಂಗನ್ನು ಅದುಮುವುದು ಜಾಕಿ ಒಂದೇ ಅಲ್ಲ, ಮೇಲಿನಿಂದ ಕೂತಿರುವ ಗಾಡಿಯ ತೂಕವೂ ಅದುಮಬೇಕು. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಮಡ್‌ಗಾರ್ಡು, ರೇಡಿಯೇಟರು ಯಾವುದೂ ಇಲ್ಲದ ಬೋಳು ಚಾಸಿಸ್ಸಿಗೆ ಆ ತೂಕವೇ ಇಲ್ಲ. ಜಾಕಿ ಏರಿದಷ್ಟೂ ಸ್ಪ್ರಿಂಗು ಅದುಮಿಕೊಳ್ಳದೆ ಚಾಸಿಸ್ಸೇ ಸ್ಟ್ಯಾಂಡಿನಿಂದ ಮೇಲೇಳುತ್ತದೆ. ಒಂದು ಬದಿ ಎದ್ದು ನಿಂತು, ಅರ್ಧ ಅದುಮಿದ ಸ್ಪ್ರಿಂಗು ನಡುವೆ ಸಿಕ್ಕಿಕೊಂಡು, ಜಾಕಿ ಓರೆಯಾದ ಸ್ಥಿತಿಗಿಂತ ಕೆಟ್ಟದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ. ಚಾಸಿಸ್ಸಿಗೆ ಬಣ್ಣ ಹೊಡೆದು ಹೊಳಪು ಬಂದ ಮೇಲೆ, ಎಂಜಿನ್ ಕೂರಿಸುವ ಮೊದಲೇ ಮುಂಭಾಗ ಪೂರ್ತಿ ಕಟ್ಟಿ ನಿಲ್ಲಿಸಿ ನೋಡಬೇಕು ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆ ತಡೆದುಕೊ. ಗಾಡಿಯನ್ನು ಆಚೀಚೆ ಉರುಳಿಸಲೇಬೇಕಿದ್ದರೆ ಸ್ಪ್ರಿಂಗಿನ ಜಾಗದಲ್ಲಿ ತಾತ್ಕಾಲಿಕವಾಗಿ ಗಟ್ಟಿಯಾದ ಕಬ್ಬಿಣದ ಕೊಳವೆ ತುಂಡನ್ನು ಭದ್ರವಾಗಿ ಕೂರಿಸಿ, ಅಂಗಳದೊಳಗೆ ನಿಧಾನಕ್ಕೆ ತಳ್ಳಿಕೊಂಡು ಹೋಗಬಹುದು. ಹೊಸ ಸ್ಪ್ರಿಂಗು ಎಂಜಿನ್ ಬಂದು ಕೂತ ಮೇಲೆ.

ನೆಲ ಕಾಂಕ್ರೀಟಿನದಾಗಿರಲಿ, ಸಮತಟ್ಟಾಗಿರಲಿ. ಡ್ರೈವ್‌ವೇಯ ಇಳಿಜಾರಿನಲ್ಲಿ ಬೇಡ, ಬೇಸಿಗೆಯ ಬಿಸಿಲಿಗೆ ಮೆತ್ತಗಾಗುವ ಡಾಂಬರಿನ ಮೇಲಂತೂ ಬೇಡವೇ ಬೇಡ. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡು. ಚಾಸಿಸ್ಸಿನ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟ ಮೇಲೆ ಗಾಡಿಯನ್ನು ಹಿಡಿದು ಜೋರಾಗಿ ಅಲುಗಿಸಿ ನೋಡು. ಈಗ ಅಲುಗಾಡದ್ದು ಮಾತ್ರ ಆಮೇಲೂ ಅಲುಗಾಡುವುದಿಲ್ಲ. ಗಾಡಿಯ ಭಾರ ಸ್ಟ್ಯಾಂಡಿನ ಮೇಲೆ, ಆರ್ಮಿನ ಭಾರ ಜಾಕಿಯ ಮೇಲೆ. ಈ ಎರಡು ಕೆಲಸವನ್ನು ಒಂದೇ ಸಲಕರಣೆಗೆ ವಹಿಸಬೇಡ. ಆಯುಧಪೂಜೆಗೆ ಪಾನಾ, ಸುತ್ತಿಗೆಗಳನ್ನೆಲ್ಲ ತೊಳೆದೊರೆಸಿ ಕುಂಕುಮ ಇಡುವ ಮನೆಯಿಂದ ಬಂದವನು ನೀನು. ಅದೇ ಶ್ರದ್ಧೆಯಿಂದ ಇವತ್ತೂ ಜಾಕಿಯನ್ನು ಒರೆಸಿ ನೋಡು. ಎಣ್ಣೆ ಒಸರುತ್ತಿದೆಯೇ? ಭಾರ ಹೊತ್ತು ಹತ್ತು ನಿಮಿಷ ನಿಂತರೆ ತಾನಾಗಿ ಇಳಿಯುತ್ತದೆಯೇ? ಇಳಿಯುವ ಜಾಕಿಯನ್ನು ಸ್ಪ್ರಿಂಗಿನ ಕೆಳಗೆ ತರಬೇಡ.

ಇನ್ನು ಸ್ಪ್ರಿಂಗು ಹಾರದಂತೆ ಕಟ್ಟುವ ಸರಪಳಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಮಾಡುವವರು ಬಹಳ ಜನ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಏನೂ ಆಗಿಲ್ಲ ಎಂಬುದೂ ನಿಜ. ಆ ಧೈರ್ಯ ನಿನಗೆ ಬೇಡ. ಭಾರ ಎಳೆಯಲು ಬಳಸುವ ಗಟ್ಟಿ ಉಕ್ಕಿನ ಸರಪಳಿಯನ್ನು ಸ್ಪ್ರಿಂಗಿನ ಸುತ್ತುಗಳ ನಡುವೆ ತೂರಿಸಿ, ಕ್ರಾಸ್ ಮೆಂಬರಿಗೋ ಕೆಳಗಿನ ಆರ್ಮಿಗೋ ಬಳಸಿ, ಕೊನೆಗಳನ್ನು ಬೋಲ್ಟು ಹಾಕಿ ಬಿಗಿ. ಹಗ್ಗ, ನೈಲಾನ್ ಪಟ್ಟಿ, ಬಾಗಿಲಿಗೆ ಹಾಕುವ ತೆಳು ಚೈನು ನಡೆಯುವುದಿಲ್ಲ. ಸ್ಪ್ರಿಂಗು ಹಿಗ್ಗಲು ಬೇಕಾದಷ್ಟು ಸಡಿಲ ಇರಲಿ, ಹಾರಿ ಹೊರಗೆ ಬರುವಷ್ಟು ಇರಬಾರದು. ಹಳೆಯದನ್ನು ಬಿಚ್ಚುವಾಗಲೂ ಇದೇ ಸರಪಳಿ, ಹೊಸದನ್ನು ಕೂರಿಸುವಾಗಲೂ ಇದೇ. ಜಾಕಿ ಕೈಕೊಟ್ಟರೆ ನಿನಗೂ ಸ್ಪ್ರಿಂಗಿಗೂ ನಡುವೆ ಉಳಿಯುವುದು ಅದೊಂದೇ.

ಬಿಚ್ಚುವಾಗ ಆರ್ಮಿನ ಕೆಳಗೆ ಜಾಕಿ ಬಂದು ಭಾರ ಹೊತ್ತ ಮೇಲಷ್ಟೇ ಶಾಕ್ ಅಬ್ಸಾರ್ಬರಿಗೆ ಕೈ ಹಾಕು. ಬಾಲ್ ಜಾಯಿಂಟಿನ ಸ್ಪ್ಲಿಟ್ ಪಿನ್ ತೆಗೆದು ನಟ್ಟನ್ನು ಕೆಲವು ಸುತ್ತು ಸಡಿಲಿಸು, ಪೂರ್ತಿ ತೆಗೆಯಬೇಡ. ಆ ಜಾಯಿಂಟು ಮೊನಚು ಕಡೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಸುತ್ತಿಗೆ ಏಟಿಗೋ ಪುಲ್ಲರಿಗೋ ಅದು ಬಿಟ್ಟುಕೊಳ್ಳುವಾಗ ಟಪ್ಪೆಂದು ಬಿಡುತ್ತದೆ. ಆಗ ನಟ್ಟು ಅಲ್ಲೇ ಇದ್ದರೆ ಆರ್ಮು ಬೆರಳಗಲ ಇಳಿದು ನಿಲ್ಲುತ್ತದೆ. ಆಮೇಲೆ ಜಾಕಿಯನ್ನು ಸ್ವಲ್ಪ ಏರಿಸಿ, ನಟ್ಟಿನ ಮೇಲಿನ ಭಾರ ಇಳಿಸಿ, ಅದನ್ನು ತೆಗೆದು, ಜಾಕಿಯ ಬಿಡುಗಡೆ ತಿರುಪನ್ನು ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಸಡಿಲಿಸುತ್ತ ಬಾ. ಡಿಸ್ಕ್ ಬ್ರೇಕಿನ ಗಾಡಿಯಾದರೆ ಕ್ಯಾಲಿಪರನ್ನು ಅದರ ರಬ್ಬರ್ ಕೊಳವೆಯಲ್ಲಿ ಜೋತು ಬಿಡದೆ ತಂತಿಯಲ್ಲಿ ಮೇಲಕ್ಕೆ ಕಟ್ಟಿರು. ಒಳಗಿನ ಬದಿಯ ಯು-ಬೋಲ್ಟುಗಳನ್ನು ಬಿಚ್ಚಿ ಆರ್ಮನ್ನು ಒಳತುದಿಯಿಂದ ಇಳಿಸುವ ಕ್ರಮವೂ ಇದೆ, ಕಂಪನಿಯ ಕೈಪಿಡಿ ಹೇಳುವುದು ಅದನ್ನೇ. ಆದರೆ ಅದಕ್ಕೆ ಒಳಗಿನ ಶಾಫ್ಟನ್ನು ತೊಟ್ಟಿಲಂತೆ ಹಿಡಿಯುವ ಬೇರೊಂದು ತಲೆ ಜಾಕಿಗೆ ಬೇಕು. ಅದಿಲ್ಲದೆ ಆ ದಾರಿ ಹಿಡಿಯಬೇಡ, ದುಂಡನೆಯ ಶಾಫ್ಟು ಚಪ್ಪಟೆ ಜಾಕಿಯ ಮೇಲೆ ನಿಲ್ಲುವುದಿಲ್ಲ.

ಹೊಸ ಸ್ಪ್ರಿಂಗು ಇಡುವ ಮುನ್ನ ಮೇಲಿನ ಗೂಡನ್ನು ತಂತಿ ಬ್ರಷ್ಷಿನಿಂದ ಕೆರೆದು ತುಕ್ಕು ತೆಗೆ. ಐವತ್ತು ವರ್ಷದ ಉಪ್ಪು, ಹಿಮ ಕಂಡ ಗಾಡಿಯಾದರೆ ಗೂಡಿನ ಕಬ್ಬಿಣವೇ ತೆಳುವಾಗಿರಬಹುದು, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳು. ಸ್ಪ್ರಿಂಗಿನ ತುದಿ ಆರ್ಮಿನ ಬಟ್ಟಲಿನಲ್ಲಿ ತನಗಾಗಿ ಮಾಡಿದ ತಗ್ಗಿನಲ್ಲೇ ಕೂರಬೇಕು. ಜನರಲ್ ಮೋಟರ್ಸಿನ ಹಲವು ಗಾಡಿಗಳಲ್ಲಿ ಆರ್ಮಿನ ತಳದಲ್ಲಿ ಎರಡು ತೂತುಗಳಿದ್ದು, ಒಂದನ್ನು ಸ್ಪ್ರಿಂಗಿನ ತುದಿ ಮುಚ್ಚಬೇಕು, ಇನ್ನೊಂದು ಪೂರ್ತಿಯೋ ಸ್ವಲ್ಪವೋ ತೆರೆದಿರಬೇಕು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ನಿನ್ನ ಗಾಡಿಯ ಕೈಪಿಡಿ ಏನು ಹೇಳುತ್ತದೆ ಎಂದು ತೆಗೆದು ಓದು. ತುದಿ ಅಂಚಿನ ಮೇಲೆ ಹತ್ತಿ ಕೂತರೆ, ಗಾಡಿ ಓಡುತ್ತಿರುವಾಗ ಒಂದು ದಿನ ಅದು ತಗ್ಗಿಗೆ ಜಾರಿ, ಗಾಡಿ ಒಂದು ಬದಿಗೆ ಕುಸಿಯುತ್ತದೆ.

ಜಾಕಿಯನ್ನು ಗಾಡಿಯ ಪಕ್ಕದಿಂದ ತೂರಿಸು, ಮುಂದಿನಿಂದ ಬೇಡ. ಆರ್ಮು ನೆಟ್ಟಗೆ ಮೇಲೇರುವುದಿಲ್ಲ, ಒಳತುದಿಯ ಸುತ್ತ ಕಮಾನಿನಂತೆ ತಿರುಗುತ್ತ ಏರುತ್ತದೆ. ಏರಿದಷ್ಟೂ ಅದರ ಹೊರತುದಿ ಹೊರಗೆ ಸರಿಯುತ್ತದೆ. ಜಾಕಿಯೂ ಅದರ ಜೊತೆ ಉರುಳಿಕೊಂಡು ಸರಿಯಬೇಕು. ಜಾಕಿಯ ಚಕ್ರದ ಕೆಳಗೆ ಒಂದು ಸಣ್ಣ ಕಲ್ಲು ಸಿಕ್ಕಿದರೂ ಅದು ನಿಂತುಬಿಡುತ್ತದೆ, ಆರ್ಮು ಜಾಕಿಯ ತಲೆಯಿಂದ ಜಾರುತ್ತದೆ. ಅದಕ್ಕೇ ಮೊದಲು ಆ ಜಾಗ ಗುಡಿಸು. ಎತ್ತರ ಸಾಲದೆಂದು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಡ. ನಾಲ್ಕು ಸಲ ಹಿಡಿಕೆ ಒತ್ತು, ನಿಲ್ಲಿಸು, ಸ್ಪ್ರಿಂಗು ಬಾಗದೆ ನೆಟ್ಟಗಿದೆಯೇ ನೋಡು, ಚಾಸಿಸ್ಸು ಸ್ಟ್ಯಾಂಡಿನಿಂದ ಎದ್ದಿದೆಯೇ ನೋಡು, ಮತ್ತೆ ಒತ್ತು. ಸ್ಪ್ರಿಂಗು ಸರಿಸಬೇಕಾದರೆ ಉದ್ದನೆಯ ಹಾರೆಯಿಂದ, ಅದೂ ಭಾರ ಬೀಳುವ ಮೊದಲು. ಭಾರ ಬಿದ್ದ ಮೇಲೆ ಸೊಟ್ಟಗಿದೆ ಅನ್ನಿಸಿದರೆ ಇಳಿಸಿ ಮೊದಲಿನಿಂದ ಶುರು ಮಾಡು. ಸುತ್ತುಗಳ ನಡುವೆ ಬೆರಳು ಇಡುವ ಸಂದರ್ಭ ಇಡೀ ಕೆಲಸದಲ್ಲಿ ಎಲ್ಲೂ ಬರುವುದಿಲ್ಲ. ನೀನು ನಿಲ್ಲಬೇಕಾದ್ದು ಜಾಕಿಯ ಹಿಡಿಕೆಯ ಪಕ್ಕಕ್ಕೆ, ಸ್ಪ್ರಿಂಗು ಹೊರಬರಬಹುದಾದ ದಾರಿಯಿಂದ ಆಚೆ. ಜಾಯಿಂಟಿನ ತೂತು ಸೇರಿತೇ ಎಂದು ನೋಡಲು ಬಗ್ಗುವಾಗ ತಲೆ ತಾನಾಗಿ ಆ ದಾರಿಗೆ ಹೋಗುತ್ತದೆ. ಟಾರ್ಚನ್ನು ನೆಲದ ಮೇಲಿಟ್ಟು, ದೂರದಿಂದಲೇ ಕಾಣುವಂತೆ ಮೊದಲೇ ತಿರುಗಿಸಿರು.

ಸ್ಪ್ರಿಂಗ್ ಕಂಪ್ರೆಸರ್ ಬಾಡಿಗೆಗೆ ತಂದರೆ ಸುರಕ್ಷಿತ ಅಲ್ಲವೇ ಎಂದು ಕೇಳುತ್ತೀಯ. ಅಲ್ಲಿನ ಬಿಡಿಭಾಗದ ಅಂಗಡಿಗಳು ಮುಂಗಡ ಇಟ್ಟುಕೊಂಡು ಕೊಡುತ್ತವೆ, ಒಳ್ಳೆಯ ಪದ್ಧತಿ. ಆದರೆ ಎಷ್ಟು ಕೈ ದಾಟಿ ಬಂದದ್ದು ಎಂದು ಯಾರಿಗೂ ಗೊತ್ತಿರುವುದಿಲ್ಲ. ತಿರುಪಿನ ಮರೆ ಸವೆದಿದೆಯೇ, ಕೊಕ್ಕೆ ಬಾಗಿದೆಯೇ ನೋಡಿ, ಸಂಶಯ ಬಂದರೆ ಅಲ್ಲೇ ಹಿಂದಿರುಗಿಸು. ಹೊರಗಿನಿಂದ ಎರಡು ಕೊಕ್ಕೆ ಹಾಕುವ ಬಗೆ ಮೇಜಿನ ಮೇಲೆ ಕಾರಿನ ಸ್ಟ್ರಟ್ ಬಿಚ್ಚಲು ಮಾಡಿದ್ದು. ನಿನ್ನ ಕೆಲಸಕ್ಕೆ ಸ್ಪ್ರಿಂಗಿನ ಒಳಗೆ ಹೋಗುವ ಬಗೆ ಬೇಕು. ಕೊಕ್ಕೆಗಳು ಎದುರುಬದುರಾಗಿ ಕೂತಿರಲಿ, ಮರೆಗೆ ಗ್ರೀಸು ತುಂಬಿರಲಿ, ಬಿಗಿಯುವುದು ಕೈಪಾನಾದಿಂದಲೇ. ಗಾಳಿಯ ಇಂಪ್ಯಾಕ್ಟ್ ಗನ್ನು ಒತ್ತಿದರೆ ಮರೆ ಕಾದು ಕಿತ್ತುಕೊಂಡು ಬರುತ್ತದೆ, ಬರುವ ಮುನ್ನ ಕೈಗೆ ಸುಳಿವೂ ಸಿಗುವುದಿಲ್ಲ. ಅದುಮಿದ ಸ್ಪ್ರಿಂಗನ್ನು ಎದೆಗವಚಿಕೊಂಡು ನಡೆಯಬೇಡ. ಅದನ್ನು ಹಾಗೇ ಬಿಟ್ಟು ಊಟಕ್ಕೂ ಹೋಗಬೇಡ. ಮಕ್ಕಳು, ನಾಯಿ ಗ್ಯಾರೇಜಿಗೆ ಬರದಂತೆ ಬಾಗಿಲು ಹಾಕಿರು. ಒಬ್ಬ ಗೆಳೆಯ ಮಾತ್ರ ಜೊತೆಗಿರಲಿ, ನೋಡುವುದಕ್ಕೆ.

ಗಾಡಿ ತಗ್ಗಾಗಿ ಕಾಣಲಿ ಎಂದು ಸ್ಪ್ರಿಂಗಿಗೆ ಗ್ಯಾಸ್ ಬೆಂಕಿ ಹಿಡಿಯುವ ಚಟ ಹಳೆಯ ಪಿಕಪ್ ಪ್ರಿಯರಲ್ಲಿ ಇದೆ. ನಿನಗೆ ಅದು ಬೇಡವೆಂದು ಕೇಳಿಕೊಳ್ಳುತ್ತೇನೆ. ಉಕ್ಕಿಗೆ ಕಂಪನಿಯಲ್ಲಿ ಕೊಟ್ಟ ಹದ ಆ ಬೆಂಕಿಗೆ ಹೋಗಿಬಿಡುತ್ತದೆ. ಎಷ್ಟು ಎತ್ತರ ಬೇಕೋ ಅಷ್ಟಕ್ಕೇ ಮಾಡಿದ ಸ್ಪ್ರಿಂಗು ಸಿಗುತ್ತದೆ, ಜೋಡಿಯಾಗಿ ಕೊಂಡುಕೊ. ಹೊಸದರ ಮೈಮೇಲೆ ಪಾನಾ ಹಲ್ಲಿನ ಗೀರು ಬೀಳದಂತೆ ನೋಡಿಕೊ, ಬಿರುಕು ಹುಟ್ಟುವುದು ಅಂಥ ಗೀರಿನಿಂದಲೇ.

ನಟ್ಟು ಕೈಪಿಡಿ ಹೇಳಿದ ಬಿಗಿಗೆ ಬಂದ ಮೇಲೆ ಪಿನ್ನಿನ ತೂತು ಸರಿಹೊಂದದಿದ್ದರೆ ಮುಂದಕ್ಕೆ ಬಿಗಿದು ಹೊಂದಿಸು, ಹಿಂದಕ್ಕೆ ಸಡಿಲಿಸಬೇಡ. ಪಿನ್ ಮಡಚಿದ ಮೇಲಷ್ಟೇ ಸರಪಳಿ ಬಿಚ್ಚು. ರಬ್ಬರ್ ಬುಷ್ಷಾದರೆ ಅದರ ಬೋಲ್ಟುಗಳ ಕೊನೆಯ ಬಿಗಿ ಗಾಡಿ ತನ್ನ ಚಕ್ರದ ಮೇಲೆ ನಿಂತಾಗ. ಜೋತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕೆಲವು ದಿನ ಓಡಿಸಿ ಸ್ಪ್ರಿಂಗು ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸು.

ಮೊದಲ ಬದಿಗೆ ಕೈ ಹಾಕುವ ದಿನ, ಜಾಕಿಯ ಹಿಡಿಕೆ ಒತ್ತುವ ಮುನ್ನ, ನನಗೆ ಫೋಟೊ ಕಳಿಸು. ಸ್ಟ್ಯಾಂಡ್ ಕೂತ ಜಾಗ, ಜಾಕಿಯ ತಲೆ ಆರ್ಮಿಗೆ ತಾಗಿದ ಜಾಗ, ಸರಪಳಿ ಸುತ್ತಿದ ರೀತಿ, ಸ್ಪ್ರಿಂಗಿನ ಕೆಳತುದಿ. ನಿನಗೆ ಅಲ್ಲಿ ಬೆಳಗಾದರೆ ನನಗೆ ಇಲ್ಲಿ ರಾತ್ರಿ, ಪರವಾಗಿಲ್ಲ, ಎದ್ದಿರುತ್ತೇನೆ. ನೋಡಿ ಹೇಳುತ್ತೇನೆ, ಆಮೇಲೆ ಏರಿಸು.