ಬ್ಯಾಂಕಿನ ಕೌಂಟರಿನಾಚೆಯಿಂದ ನನ್ನ ಮಕ್ಕಳಿಗೆ

ಸಣ್ಣ ಊರಿನ ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಮನೆಮನೆಯ ಕಷ್ಟಸುಖ ತಾನಾಗಿ ತಿಳಿಯುತ್ತದೆ. ಬಳೆ ಅಡವಿಡಲು ಬಂದ ತಾಯಿ, ಕಂತು ಕಟ್ಟಲಾಗದೆ ಹೊರಗಿನ ಬೆಂಚಿನಲ್ಲೇ ಕೂತ ರೈತ, ಅಪ್ಪನ ಪಾಸ್‌ಬುಕ್ ಹಿಡಿದು ದಿಕ್ಕು ತೋಚದೆ ನಿಂತ ಮಕ್ಕಳು, ಎಲ್ಲರನ್ನೂ ಕಂಡಿದ್ದೇನೆ. ಹಣ ಇಲ್ಲದೆ ಕೆಟ್ಟ ಮನೆಗಳಷ್ಟೇ, ಹಣದ ವಿಷಯವನ್ನು ಬಾಯಿಬಿಟ್ಟು ಮಾತಾಡದೆ ಕೆಟ್ಟ ಮನೆಗಳೂ ಇವೆ. ಮಗಳಿಗೂ ಮಗನಿಗೂ ನಾನು ಹೇಳಬೇಕಾದದ್ದು ಅಲ್ಲಿಂದಲೇ ಬಂದದ್ದು.

1. ಜಾಮೀನಿಗೆ ಸಹಿ ಹಾಕುವ ಮೊದಲು ಆ ಸಾಲ ನಿಮ್ಮದೇ ಎಂದುಕೊಳ್ಳಿ.

"ಬರೀ ಒಂದು ಸಹಿ, ಮತ್ತೇನಿಲ್ಲ ಮಾರಾಯ" ಎಂದೇ ಎಲ್ಲರೂ ಕೇಳುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನ ಆಸ್ತಿ ಹರಾಜು ಹಾಕಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳುವ ಹಕ್ಕು ಸಾಮಾನ್ಯವಾಗಿ ನಿಮಗಿಲ್ಲ. ನೋಟಿಸ್ ಬಂದ ದಿನವೇ ಎಷ್ಟೋ ಜನಕ್ಕೆ ಇದು ಗೊತ್ತಾಗುವುದು. ಭಾವ ಭಾವಮೈದುನರು, ಒಂದೇ ಬೆಂಚಿನಲ್ಲಿ ಓದಿದ ಗೆಳೆಯರು, ಮಾತು ಬಿಟ್ಟು ಬೇರೆ ಬೇರೆ ಹೊತ್ತಿಗೆ ಶಾಖೆಗೆ ಬರುವುದನ್ನು ನೋಡಿ ನನಗೆ ಸಂಕಟವಾಗಿದೆ. ಆಪ್ತರು ಕೇಳಿದರೆ ನಿಮ್ಮ ಕೈಲಾದಷ್ಟನ್ನು ನೇರವಾಗಿ ಕೊಡಿ, ವಾಪಸ್ ಬರದಿದ್ದರೂ ಸೈ ಅನ್ನುವಷ್ಟು. ಪೂರ್ತಿ ತೀರಿಸುವ ಶಕ್ತಿ ಮತ್ತು ಮನಸ್ಸು ಎರಡೂ ಇದ್ದಾಗ ಮಾತ್ರ ಸಹಿ ಹಾಕಿ. ಆಗಲ್ಲ ಅನ್ನುವುದಾದರೆ ಅದೇ ದಿನ, ಅವರೆದುರೇ ಹೇಳಿ.

2. ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಕೇಳಿ.

ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ಹಗುರವಾಗಿ ಕೇಳಿಸುತ್ತದೆ. ಅದು ವರ್ಷಕ್ಕೆ ಶೇ. 36. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಕಟ್ಟಿದರೂ ಅಸಲು ಹಾಗೇ ಇರುತ್ತದೆ. ಬೆಳೆಯಾಗಲಿ ಸಂಬಳವಾಗಲಿ ಆ ವೇಗದಲ್ಲಿ ಏರುವುದಿಲ್ಲ.

3. ಉಳಿತಾಯ ಸಣ್ಣದಾದರೂ ಪರವಾಗಿಲ್ಲ, ತಪ್ಪಬಾರದು.

1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದವರಿಗೂ ಹೀಗೆ ಒಂದು ಖಾತೆಯಾಯಿತು. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಅನ್ನುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ಆರ್‌ಡಿಗೆ ಹೋಗುವಂತೆ ಮಾಡಿಬಿಡಿ.

4. ಹೆದರಿಸಿ ಅವಸರ ಮಾಡುವ ಫೋನನ್ನು ಇಟ್ಟುಬಿಡಿ.

"ಡಿಜಿಟಲ್ ಅರೆಸ್ಟ್" ಎಂದು ಫೋನಿನಲ್ಲೇ ಬಂಧಿಸುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋಗಿದ್ದರೆ ಮರ್ಯಾದೆಗೆ ಅಂಜಿ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಿಮ್ಮ ಮಾವ ಅತ್ತೆಯರಿಗೂ ಇದನ್ನು ಹೇಳಿಕೊಡಿ, ಗದರಬೇಡಿ.

5. ನಾಮಿನಿ ಬರೆಸಿ. ಆದರೆ ಅಲ್ಲಿಗೇ ನಿಲ್ಲಬೇಡಿ.

ನಾಮಿನಿ ಇದ್ದರೆ ಬ್ಯಾಂಕು ಹಣವನ್ನು ತಡವಿಲ್ಲದೆ ಅವರ ಕೈಗೆ ಕೊಡುತ್ತದೆ. ಹಾಗೆಂದು ಅವರೇ ಒಡೆಯರಾಗುವುದಿಲ್ಲ, ಹಣ ವಾರಸುದಾರರದ್ದು. ಅಣ್ಣನ ಹೆಸರು ನಾಮಿನಿ ಎಂದಿದ್ದ ಮಾತ್ರಕ್ಕೆ ಎಲ್ಲವೂ ಅವನದೇ ಎಂದು ತಿಳಿದ ಮನೆಗಳಲ್ಲಿ ಜಗಳ ಹತ್ತಿದೆ. ಯಾರಿಗೆ ಎಷ್ಟು ಎಂಬುದನ್ನು ಉಯಿಲಿನಲ್ಲಿ ಬರೆಯಬೇಕು. ಬಿಳಿ ಹಾಳೆಯಲ್ಲಿ ಬರೆದರೂ ಆದೀತು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ಹತ್ತು ವರ್ಷ ಯಾರೂ ಮುಟ್ಟದ, ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಆದರೆ ಆ ಠೇವಣಿ ಇದೆ ಎಂದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಕೇಳುವವರು ಯಾರು?

6. ಅಕ್ಕನ ಪಾಲನ್ನು ಅರಿಶಿನ ಕುಂಕುಮದ ಲೆಕ್ಕಕ್ಕೆ ಸೇರಿಸಬೇಡ, ಮಗನೇ.

ಇದನ್ನು ನಿನ್ನ ಹೆಸರು ಹಿಡಿದೇ ಹೇಳಬೇಕಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆದರೂ ಸಾಲದ ಅರ್ಜಿಗೆ ಜೋಡಿಸಿದ ಹಕ್ಕು ಖುಲಾಸೆ ಪತ್ರಗಳಲ್ಲಿ ನಾನು ಓದಿದ್ದು ಹೆಚ್ಚಾಗಿ ಹೆಣ್ಣುಮಕ್ಕಳ ಸಹಿಗಳನ್ನೇ. ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆಯಿಂದ ಸಹಿ ಹಾಕಿದೆ ಎಂದು ಕೆಲವರು ನನ್ನೆದುರೇ ಹೇಳಿಕೊಂಡಿದ್ದಾರೆ. ಅಕ್ಕ ತಾನಾಗಿ ಬೇಡ ಅಂದರೆ ಆ ಮಾತು ಬೇರೆ. ಅವಳು ಕೇಳಿದರೆ ಮುಖ ಸಿಂಡರಿಸದೆ ಕೊಡು. ಮಗಳೇ, ನೀನೂ ಅಷ್ಟೆ, ಸಂಕೋಚಕ್ಕೆ ಸಹಿ ಹಾಕಬೇಡ. ಕೇಳಿದರೆ ನೀನು ಆಸೆಬುರುಕಿ ಆಗುವುದಿಲ್ಲ.

7. ಕಾಗದಪತ್ರ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ.

ನಮ್ಮ ಖಾತೆ, ವಿಮೆ, ಲಾಕರ್, ಮನೆಯ ಪತ್ರ, ನಾವು ಕೊಡಬೇಕಾದ ಸಾಲ, ಎಲ್ಲದರ ಪಟ್ಟಿಯನ್ನು ಅಮ್ಮನೂ ನಾನೂ ಕೂತು ಬರೆದಿಟ್ಟಿದ್ದೇವೆ. ಕಪಾಟಿನ ಮೇಲಿನ ಖಾನೆಯಲ್ಲಿದೆ. ಈ ಸಲ ದೀಪಾವಳಿಗೆ ಬಂದಾಗ ನಾಲ್ವರೂ ಕೂತು ಒಂದೊಂದಾಗಿ ನೋಡೋಣ. ಉಯಿಲನ್ನೂ ಓದಿ. ಒಪ್ಪಿಗೆಯಾಗದ್ದನ್ನು ನಾವಿಬ್ಬರೂ ಇರುವಾಗಲೇ, ನಮ್ಮೆದುರೇ ಹೇಳಿ.